ಷೆಫೀಲ್ಡ್ ಪ್ರಭುವಿನ ವಾಣಿಜ್ಯಗಣನೆ

ಯುದ್ಧದಲ್ಲಿ ಸೋತ ರಾಜ್ಯವು ಸಂಧಿಯಾದೊಡನೆ ತನ್ನ ರೇವುಗಳನ್ನು ಗೆದ್ದವರಿಗೆ ತೆರೆಯಬೇಕೇ ಎಂಬ ಪ್ರಶ್ನೆ 1783ರಲ್ಲಿ ಬ್ರಿಟನ್ನಿನ ಮುಂದೆ ಬಂದಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಮಸೂದೆಯೊಂದು ವೆಸ್ಟ್ ಇಂಡೀಸ್ ದ್ವೀಪಗಳ ವ್ಯಾಪಾರದಲ್ಲಿ ಅಮೆರಿಕದ ಹಡಗುಗಳಿಗೆ ಉದಾರವಾದ ಪ್ರವೇಶವನ್ನು ಕೊಡಲೆಳಸಿತು. ಅದನ್ನು ಖಂಡಿಸಿ, ಇತಿಹಾಸಕಾರ ಗಿಬ್ಬನ್ನನ ಆಪ್ತಮಿತ್ರನಾದ ಷೆಫೀಲ್ಡ್ ಪ್ರಭು ಅಮೆರಿಕದ ವಾಣಿಜ್ಯವನ್ನು ಕುರಿತು ಬರೆದ ಪುಸ್ತಕ ಬಹುಬೇಗ ಹಲವು ಮುದ್ರಣಗಳನ್ನು ಕಂಡಿತು. ಲೇಖಕನ ದೂರದೃಷ್ಟಿಯನ್ನು ಹೊಗಳುವವರುಂಟು. ಆ ಹೊಗಳಿಕೆಯನ್ನು ನಾವು ಅರ್ಧಮಾತ್ರ ಒಪ್ಪುತ್ತೇವೆ.

ಆತನ ವಾದ ಸರಳವಾದುದು. ಅಗ್ಗದ ಬೆಲೆಗೂ ದೀರ್ಘಾವಧಿಯ ಸಾಲಕ್ಕೂ ಒಗ್ಗಿದ ಅಮೆರಿಕನ್ನರು ಬ್ರಿಟಿಷ್ ಸರಕನ್ನು ಬಿಟ್ಟಿರಲಾರರು; ಆದುದರಿಂದ ಅವರಿಗೆ ಯಾವ ರಿಯಾಯಿತಿಯೂ ಬೇಕಿಲ್ಲ. ಹಡಗುಗಳೂ ನಾವಿಕರೂ ಬ್ರಿಟನ್ನಿನ ಕೈಯಲ್ಲಿಯೇ ಉಳಿಯಬೇಕು. ದ್ವೀಪಗಳಿಗೆ ಬೇಕಾದ ಮರಮುಟ್ಟು ಧಾನ್ಯಗಳನ್ನು ಕೆನಡಾ, ನೋವಾ ಸ್ಕೋಷಿಯಗಳು ಒದಗಿಸಬಲ್ಲವು. ಮಸೂದೆ ಬಿದ್ದುಹೋಯಿತು, ಜುಲೈ 2ರ ರಾಜಾಜ್ಞೆಯು ಅಮೆರಿಕದ ಹಡಗುಗಳಿಗೆ ಆ ದ್ವೀಪಗಳನ್ನು ಮುಚ್ಚಿತು. ಬ್ರಿಟಿಷ್ ಸರಕು ಅಮೆರಿಕದಲ್ಲಿ ಮೊದಲಿನಂತೆಯೇ ಮಾರಾಟವಾಯಿತೆಂಬುದೂ ನಿಜ. ಇಷ್ಟರಮಟ್ಟಿಗೆ ಗಣನೆ ಸರಿ.

ಆದರೆ ಈ ಗಣನೆಯಲ್ಲಿ ದ್ವೀಪಗಳ ಗುಲಾಮರು ಎಲ್ಲಿಯೂ ಉಣ್ಣುವ ಮನುಷ್ಯರಾಗಿ ಕಾಣಿಸಿಕೊಳ್ಳುವುದಿಲ್ಲ. ಉತ್ತರದ ಪ್ರಾಂತಗಳಿಂದ ಸಾಕಷ್ಟು ಆಹಾರ ಬರಲಿಲ್ಲ, ಚಂಡಮಾರುತಗಳೂ ಸೇರಿಕೊಂಡುವು. 1780ರ ಕೊನೆಯಿಂದ 1787ರ ಆರಂಭದವರೆಗೆ ಹಸಿವಿನಿಂದಲೂ ಹಸಿವು ತಂದ ರೋಗಗಳಿಂದಲೂ 15,000 ಮಂದಿ ಗುಲಾಮರು ಸತ್ತರೆಂದು ಜಮೈಕಾದ ಶಾಸನಸಭೆಯೇ ಹೇಳಿತು. ಯುದ್ಧದ ವರ್ಷಗಳ ಸಾವುಗಳೂ ಇದರಲ್ಲಿ ಸೇರಿವೆ, ದೂರಿದವರು ತೋಟದ ಒಡೆಯರು ಎಂಬುದನ್ನು ಮರೆಯಬಾರದು. ಆದರೂ ಲೆಕ್ಕ ಅಲ್ಲಗಳೆಯತಕ್ಕದ್ದಲ್ಲ.

ಎರಡನೆಯ ದೋಷ ರಾಜಕೀಯವಾದುದು. ಸಂಸ್ಥಾನಗಳು ಒಂದಾಗಿ ಪ್ರತೀಕಾರ ಮಾಡಲಾರವೆಂದು ಷೆಫೀಲ್ಡ್ ನಂಬಿದ್ದನು. ಅಂದು ಅದು ಸತ್ಯ: ಒಂದು ಸಂಸ್ಥಾನ ಬಾಗಿಲು ಮುಚ್ಚಿದರೆ ನೆರೆಯದು ತೆರೆಯುತ್ತಿತ್ತು. ಆದರೆ ಎದುರಾಳಿಯ ದೌರ್ಬಲ್ಯವನ್ನು ಆತನು ಶಾಶ್ವತವೆಂದೆಣಿಸಿದನು. ಈ ವಾಣಿಜ್ಯಸಂಕಟವೇ 1787ರ ಸಂವಿಧಾನರಚನೆಯ ಕಾರಣಗಳಲ್ಲೊಂದಾಯಿತು. 1789ರಲ್ಲಿ ಹೊಸ ಕಾಂಗ್ರೆಸ್ಸು ತನ್ನವರ ಹಡಗುಗಳಿಗೆ ಟನ್ನಿಗೆ 6 ಸೆಂಟ್, ವಿದೇಶೀಯರ ಹಡಗುಗಳಿಗೆ 50 ಸೆಂಟ್ ಸುಂಕ ವಿಧಿಸಿತು.

1794ರ ಜೇ ಒಪ್ಪಂದದಲ್ಲಿ ಬ್ರಿಟನ್ ಮಣಿದುದು ವಿಚಿತ್ರ ರೀತಿಯಲ್ಲಿ. ವೆಸ್ಟ್ ಇಂಡೀಸಿಗೆ 70 ಟನ್ನನ್ನು ಮೀರದ ಹಡಗುಗಳಿಗಷ್ಟೇ ಅಪ್ಪಣೆ. ಪ್ರತಿಯಾಗಿ ಅಮೆರಿಕನ್ನರು ಸಕ್ಕರೆ, ಕಾಫಿ, ಹತ್ತಿಗಳನ್ನು ಹೊರದೇಶಗಳಿಗೆ ಸಾಗಿಸಕೂಡದು! ಸೆನೆಟ್ಟು ಆ 12ನೆಯ ವಿಧಿಯನ್ನು ಬದಿಗಿರಿಸಿಯೇ ಒಪ್ಪಂದಕ್ಕೆ ಸಮ್ಮತಿಯಿತ್ತಿತು. 13ನೆಯ ವಿಧಿಯಾದರೋ ಭಾರತದ ಬ್ರಿಟಿಷ್ ರೇವುಗಳನ್ನೇ ಅವರಿಗೆ ತೆರೆಯಿತು. ನೆರೆಯ ಜಮೈಕಾ ಮುಚ್ಚಿದ್ದು ದೂರದ ಕಲ್ಕತ್ತೆ ತೆರೆದಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ವೆಸ್ಟ್ ಇಂಡೀಸ್ ಅಮೆರಿಕದ ಹಡಗುಗಳಿಗೆ ಸ್ಥಿರವಾಗಿ ತೆರೆದದ್ದು 1830ರಲ್ಲಿ. ಷೆಫೀಲ್ಡ್ ತೀರಿಕೊಂಡು ಆಗ ಒಂಬತ್ತು ವರ್ಷಗಳಾಗಿದ್ದುವು.