ಆಳಂದದ ಫಾರಂ 7: ಕಲಿಯಲು ತಡವಾದ ಒಂದು ಪಾಠ

ಸೈಬರ್ ಭದ್ರತೆಯ ತಂಡಗಳಲ್ಲಿ ಈಗ ನೆಲೆಯೂರಿರುವ ಪದ್ಧತಿಗಳಲ್ಲಿ ಘಟನೋತ್ತರ ಪರಾಮರ್ಶೆಯೂ ಒಂದು. ದಾಳಿ ನಡೆದ ಮೇಲೆ, ಅಥವಾ ಕೂದಲೆಳೆಯಷ್ಟರಲ್ಲಿ ತಪ್ಪಿದ ಮೇಲೆ, ಸಂಬಂಧಪಟ್ಟವರೆಲ್ಲ ಕೂಡಿ, ಯಾರನ್ನು ಶಿಕ್ಷಿಸಬೇಕೆಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವ ಬಾಗಿಲು ತೆರೆದಿತ್ತು, ಅದು ಮೊದಲು ಯಾರ ಕಣ್ಣಿಗೆ ಬಿತ್ತು, ಉಳಿದವರಿಗೆ ಏಕೆ ಕಾಣಲಿಲ್ಲ ಎಂಬುದನ್ನು ಕಾಲಾನುಕ್ರಮದಲ್ಲಿ ಬರೆದಿಡುವುದೇ ಇದರ ತಿರುಳು. ಸರ್ಕಾರಿ ವ್ಯವಸ್ಥೆಯಲ್ಲಿ ಈ ಪದ್ಧತಿ ಎಷ್ಟರಮಟ್ಟಿಗೆ ಬೇರುಬಿಟ್ಟಿದೆ ಎಂಬುದನ್ನು ಒರೆಗೆ ಹಚ್ಚಲು ಕಲಬುರಗಿ ಜಿಲ್ಲೆಯ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯ ಪ್ರಕರಣ ತಕ್ಕ ನಿದರ್ಶನವಾಗಿದೆ.

2022ರ ಡಿಸೆಂಬರ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಐದಾರು ತಿಂಗಳು ಉಳಿದಿದ್ದಾಗ, ಆಳಂದದ ಮತದಾರರ ನೋಂದಣಾಧಿಕಾರಿಗೆ ಆನ್‌ಲೈನ್ ಮೂಲಕ 6,018 ಫಾರಂ 7 ಅರ್ಜಿಗಳು ಬಂದವು. ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಣೆ ಸಲ್ಲಿಸಿ ಅದನ್ನು ತೆಗೆಯುವಂತೆ ಕೋರುವ ಅರ್ಜಿಯೇ ಫಾರಂ 7. ಸ್ಥಳ ಪರಿಶೀಲನೆಯಲ್ಲಿ ಇವುಗಳ ಪೈಕಿ ಕೇವಲ 24 ಸರಿಯೆಂದು ಕಂಡುಬಂದು, ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಎಫ್‌ಐಆರ್ ದಾಖಲಾಯಿತು. ಇದೇ ಕ್ಷೇತ್ರದಲ್ಲಿ 2018ರ ಫಲಿತಾಂಶ ನಿರ್ಧಾರವಾದದ್ದು 697 ಮತಗಳ ಅಂತರದಲ್ಲಿ ಎಂಬುದನ್ನು ನೆನೆದರೆ ಈ ಸಂಖ್ಯೆಗಳ ತೂಕ ತಿಳಿಯುತ್ತದೆ.

ಈ ಕೃತ್ಯ ಬಯಲಿಗೆ ಬಂದದ್ದು ಯಾವ ತಂತ್ರಾಂಶದ ಎಚ್ಚರಿಕೆಯಿಂದಲೂ ಅಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮ ಬಂಧುವೊಬ್ಬರ ಹೆಸರನ್ನೇ ತೆಗೆಯುವಂತೆ ಕೋರಿದ ಅರ್ಜಿ ಕಂಡಿತು. ಅರ್ಜಿದಾರರೆಂದು ನಮೂದಾಗಿದ್ದ ಅದೇ ಊರಿನವರನ್ನು ವಿಚಾರಿಸಿದಾಗ, ತಮಗೆ ಅದರ ಅರಿವೇ ಇಲ್ಲವೆಂದು ಅವರು ಹೇಳಿದರು. ಬಿಎಲ್‌ಒ ಎಂದೇ ಎಲ್ಲೆಡೆ ಕರೆಯಲಾಗುವ ಈ ಅಧಿಕಾರಿಗಳಲ್ಲಿ ಹೆಚ್ಚಿನವರು ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು. ಓಣಿಯ ಜನರ ಮುಖಪರಿಚಯವೇ ಅವರ ಬಲ. ಆ ಪರಿಚಯವೇ ಇಲ್ಲಿ ಕೊನೆಯ ಕಾವಲಾಗಿ ನಿಂತಿತು. ಪರಾಮರ್ಶೆಯ ಶಿಸ್ತುಳ್ಳ ಯಾವುದೇ ತಂಡ ಮೊದಲು ಬರೆದಿಡಬೇಕಾದ ಸಂಗತಿ ಇದು.

ತಪ್ಪಾಗಿ ಯಾರ ಹೆಸರನ್ನೂ ತೆಗೆದಿಲ್ಲ, ಪ್ರಯತ್ನ ವಿಫಲವಾಯಿತು, ದೂರು ಕೊಟ್ಟದ್ದೂ ತನ್ನದೇ ಅಧಿಕಾರಿ ಎಂಬುದು ಚುನಾವಣಾ ಆಯೋಗದ ನಿಲುವು. ಈ ನಿಲುವಿನಲ್ಲಿ ನ್ಯಾಯವಿದೆ. ಪರಿಶೀಲನೆ ನಡೆಸಿದ ಸಿಬ್ಬಂದಿಯ ಶ್ರಮ ಮೆಚ್ಚತಕ್ಕದ್ದು. ಆದರೆ ದಾಳಿ ವಿಫಲವಾಯಿತೆಂಬ ಸಮಾಧಾನವೇ ಕಲಿಕೆಯನ್ನು ಮುಂದೂಡುವುದುಂಟು. ವಿಮಾನಯಾನದಲ್ಲಿ ತಪ್ಪಿದ ಅಪಘಾತಗಳನ್ನು ವರದಿ ಮಾಡಲೆಂದೇ ಅಮೆರಿಕದಲ್ಲಿ 1976ರಿಂದ ನಾಸಾ ಪ್ರತ್ಯೇಕ ವ್ಯವಸ್ಥೆಯನ್ನು ನಡೆಸುತ್ತಿರುವುದು, ನಷ್ಟವಿಲ್ಲದೆ ದಕ್ಕುವ ಪಾಠ ಅಂಥ ಪ್ರಸಂಗಗಳಲ್ಲಿದೆ ಎಂಬ ಅರಿವಿನಿಂದಲೇ.

ಪ್ರಕರಣದ ಅತ್ಯಂತ ದುರ್ಬಲ ಭಾಗ ಮಾಹಿತಿಯ ಹಸ್ತಾಂತರ. ಆಕ್ಷೇಪಣೆದಾರರ ವಿವರ, ಲಾಗಿನ್ ಆದ ಮೊಬೈಲ್ ಸಂಖ್ಯೆ, ಐಪಿ ವಿಳಾಸ, ಅರ್ಜಿಯ ದಿನಾಂಕ ಮತ್ತು ಸಮಯಗಳನ್ನು 2023ರ ಸೆಪ್ಟೆಂಬರ್ 6ರಂದು ಕಲಬುರಗಿಯ ಪೊಲೀಸ್ ವರಿಷ್ಠಾಧಿಕಾರಿಗೆ ನೀಡಲಾಯಿತು. ಇಂಟರ್ನೆಟ್‌ಗೆ ಜೋಡಿಸಿದ ಸಾಧನಕ್ಕೆ ದೊರೆಯುವ ಸಂಖ್ಯಾರೂಪದ ಗುರುತಾದ ಐಪಿ ವಿಳಾಸವೊಂದೇ ಇದ್ದರೆ ತನಿಖೆ ಮುಂದೆ ಸಾಗುವುದು ಕಷ್ಟ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುವುದರಿಂದ, ಸಂಪರ್ಕ ಯಾವ ಸರ್ವರ್‌ನ ವಿಳಾಸಕ್ಕೆ ತಲುಪಿತು, ಯಾವ ಪೋರ್ಟ್ ಸಂಖ್ಯೆಯ ಮೂಲಕ ಹೋಯಿತು ಎಂಬುದು ತಿಳಿದಾಗ ಮಾತ್ರ ಗ್ರಾಹಕನನ್ನು ಬೇರ್ಪಡಿಸಿ ಗುರುತಿಸಬಹುದು. ತನಿಖೆ ನಡೆಸುತ್ತಿದ್ದ ರಾಜ್ಯ ಪೊಲೀಸರ ಸಿಐಡಿ ವಿಭಾಗ ಆಯೋಗಕ್ಕೆ ಪತ್ರದ ಮೇಲೆ ಪತ್ರ ಬರೆದು ಕೇಳಿದ್ದು ಈ ವಿವರವನ್ನೇ. ಇಂಥ ದಾಖಲೆಗಳಿಗೆ ಆಯುಷ್ಯವಿದೆ. ದೂರಸಂಪರ್ಕ ಕಂಪನಿಗಳು ಇವನ್ನು ಕನಿಷ್ಠ 2 ವರ್ಷ ಇರಿಸಿಕೊಳ್ಳಬೇಕೆಂಬ ನಿಯಮವಿದ್ದು, ಆ ಲೆಕ್ಕದಲ್ಲಿ 2022ರ ಡಿಸೆಂಬರ್‌ನ ದಾಖಲೆಗಳ ಕಡ್ಡಾಯ ಅವಧಿ 2024ರ ಡಿಸೆಂಬರ್‌ಗೇ ಮುಗಿಯಿತು. ಪತ್ರವ್ಯವಹಾರದಲ್ಲಿ ಕಳೆದ ಪ್ರತಿ ತಿಂಗಳೂ ಸಾಕ್ಷ್ಯದ ಆಯುಷ್ಯದಿಂದ ಕಳೆದ ತಿಂಗಳೇ ಆಗಿತ್ತು.

2025ರ ಸೆಪ್ಟೆಂಬರ್ 18ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ ದೆಹಲಿಯಲ್ಲಿ ಈ ಪ್ರಕರಣವನ್ನು ಎತ್ತಿದರು. ಅದಾದ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು, ಆಯೋಗದ ಜಾಲತಾಣದಲ್ಲಿ ಆಧಾರ್ ಆಧಾರಿತ ಇ-ಸಹಿ ಕಾಣಿಸಿಕೊಂಡಿತು. ಅರ್ಜಿದಾರರ ಆಧಾರ್‌ಗೆ ಜೋಡಣೆಯಾದ ಮೊಬೈಲ್‌ಗೆ ಬರುವ ಒಟಿಪಿಯನ್ನು ನಮೂದಿಸಿದ ಮೇಲಷ್ಟೇ ಅರ್ಜಿ ಸಲ್ಲಿಕೆಯಾಗುವ ಈ ಏರ್ಪಾಡು ಸ್ವಾಗತಾರ್ಹವೇ. ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಎಫ್‌ಐಆರ್ ಆಗಿ ಎರಡೂವರೆ ವರ್ಷ ಕಳೆದು, ನಡುವೆ ವಿಧಾನಸಭೆ ಹಾಗೂ ಲೋಕಸಭೆಯ ಚುನಾವಣೆಗಳೆರಡೂ ಮುಗಿದ ಮೇಲೆ ಇದು ಬಂತು. ಅಲ್ಲದೆ ಇ-ಸಹಿ ಖಚಿತಪಡಿಸುವುದು ಅರ್ಜಿದಾರ ಯಾರೆಂಬುದನ್ನೇ ಹೊರತು ಅವನ ಆಕ್ಷೇಪಣೆ ನಿಜವೆಂಬುದನ್ನಲ್ಲ. ಒಂದೇ ಕ್ಷೇತ್ರದಿಂದ ಅಲ್ಪಾವಧಿಯಲ್ಲಿ ಸಾವಿರಾರು ಆಕ್ಷೇಪಣೆಗಳು ಬಂದರೆ ತಾನಾಗಿ ಎಚ್ಚರಿಸುವ ವ್ಯವಸ್ಥೆ ಇರಬೇಕು. ಪ್ರತಿ ನಕಲಿ ಅರ್ಜಿಗೆ 80 ರೂಪಾಯಿಯಂತೆ ಹಣ ಸಂದಾಯವಾಗಿತ್ತೆಂದು ವಿಶೇಷ ತಂಡದ ತನಿಖೆಯಲ್ಲಿ ಕಂಡುಬಂದಿರುವುದಾಗಿ ವರದಿಯಾಗಿರುವಾಗ, ಇಂಥ ಸಗಟು ಕೆಲಸವನ್ನು ಅದರ ವೇಗದಿಂದಲೇ ಹಿಡಿಯಬೇಕಾಗುತ್ತದೆ.

ತನ್ನ ಲೋಪವನ್ನು ತಾನೇ ಪರಾಮರ್ಶಿಸಿ ತೆರೆದಿಟ್ಟ ನಿದರ್ಶನ ಬೇರೆಡೆ ಇದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2023ರ ಅಕ್ಟೋಬರ್‌ನಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿಗೆ ತುತ್ತಾಗಿ ತಿಂಗಳುಗಟ್ಟಲೆ ತತ್ತರಿಸಿತು. ಹಾಗಿದ್ದೂ 2024ರ ಮಾರ್ಚ್‌ನಲ್ಲಿ ತನ್ನ ಹಳೆಯ ವ್ಯವಸ್ಥೆಗಳ ಲೋಪ, ಎರಡನೆಯ ಹಂತದ ದೃಢೀಕರಣವಿಲ್ಲದ ಸರ್ವರ್‌ನ ಸಂಗತಿ ಎಲ್ಲವನ್ನೂ ತಾನೇ ಬರೆದು ಪ್ರಕಟಿಸಿತು. ಕ್ರಿಮಿನಲ್ ಪ್ರಕರಣ ನಡೆಯುವಾಗ ಹೀಗೆ ತೆರೆದಿಡಲಾಗದೆಂಬ ವಾದಕ್ಕೆ ಆಧಾರವಿಲ್ಲದಿಲ್ಲ. ಆದರೆ ಯಾರು ಮಾಡಿದರು ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯವಾದರೆ, ಹೇಗೆ ಸಾಧ್ಯವಾಯಿತು ಎಂಬುದು ವ್ಯವಸ್ಥೆಯನ್ನು ನಡೆಸುವವರೇ ಉತ್ತರಿಸಬೇಕಾದ ವಿಷಯ. ಎರಡನ್ನೂ ಬೇರ್ಪಡಿಸುವ ಇಚ್ಛಾಶಕ್ತಿ ಆಳಂದದ ಪ್ರಕರಣದಲ್ಲಿ ಕಾಣಲಿಲ್ಲ.

ಆಳಂದದ್ದೇ ಜಿಲ್ಲೆಗೆ ಸೇರಿದ ಅಫಜಲಪುರ ಮತ್ತು ಜೇವರ್ಗಿ ಕ್ಷೇತ್ರಗಳಿಗೆ ಬೇರೆ ನೋಂದಣಾಧಿಕಾರಿಗಳಿದ್ದಾರೆ; ಆಳಂದ ಬೀದರ್ ಲೋಕಸಭಾ ಕ್ಷೇತ್ರದಲ್ಲಿದ್ದರೆ ಅವೆರಡೂ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿವೆ. ಒಂದು ಕಚೇರಿಯ ಅನುಭವ ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ, ಅದನ್ನು ಬರೆದು ಮುಟ್ಟಿಸಬೇಕಾಗುತ್ತದೆ. ನಕಲಿ ಅರ್ಜಿಗಳ ಲಕ್ಷಣವೇನು, ಅರ್ಜಿದಾರರನ್ನು ಹೇಗೆ ವಿಚಾರಿಸಬೇಕು, ಸಂಶಯ ಬಂದೊಡನೆ ಯಾರಿಗೆ ತಿಳಿಸಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಬರೆದು, ಈ ಎರಡೂ ಕ್ಷೇತ್ರಗಳ ಪ್ರತಿಯೊಬ್ಬ ಬಿಎಲ್‌ಒ ಕೈಗೆ, ಮುಂದಿನ ಪರಿಷ್ಕರಣೆಯ ಮೊದಲೇ, ಚುನಾವಣಾ ಆಯೋಗ ತಲುಪಿಸಬೇಕು.