ಜಾಲರಿಯ ಹಿಂದಿನ ಅರಮನೆ

ಮೈಸೂರು ಅರಮನೆಯನ್ನು ನೋಡದ ಹೆಣ್ಣುಮಗಳು ನಮ್ಮ ಕಡೆ ಕಡಿಮೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಹೊಸದರಲ್ಲಿ ಒಮ್ಮೆ, ಆಮೇಲೆ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಲೆಕ್ಕವಿಲ್ಲದಷ್ಟು ಸಲ. ಹೋದಾಗಲೆಲ್ಲ ಕಿವಿಗೆ ಬೀಳುವುದು ಮೂರೇ ಸಂಗತಿ: ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ಹೆಸರು, ಚಿನ್ನದ ಅಂಬಾರಿ, ಸುಮಾರು ಒಂದು ಲಕ್ಷ ಬಲ್ಬುಗಳ ಲೆಕ್ಕ. ಕಟ್ಟಿಸಿದವರು ಯಾರೆಂದರೆ ‘ಮಹಾರಾಜರು’ ಎಂದು ಥಟ್ಟನೆ ಉತ್ತರ ಬರುತ್ತದೆ.

ಆ ಮಹಾರಾಜರಿಗೆ, ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರಿಗೆ, ಕಟ್ಟಡದ ಕೆಲಸ ಶುರುವಾದಾಗ ಹದಿಮೂರು ವರ್ಷ! ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ದೊಡ್ಡವನಾಗುವವರೆಗೆ, 1902ರ ತನಕ, ರೀಜೆಂಟರಾಗಿ ರಾಜ್ಯ ನೋಡಿಕೊಂಡವರು ತಾಯಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಹೊಸ ಅರಮನೆಗೆ ಅಪ್ಪಣೆ ಕೊಟ್ಟವರೂ ಅವರೇ. ಚರಿತ್ರೆಯ ಪುಸ್ತಕಗಳಲ್ಲಿ ಆ ಕಾಲದ ಬಹುಪಾಲು ದಿವಾನ್ ಶೇಷಾದ್ರಿ ಅಯ್ಯರ್ ಅವರ ಖಾತೆಗೆ ಹೋಗಿದೆ. ಅವರು ಸಮರ್ಥರು, ಅದರಲ್ಲಿ ತಕರಾರಿಲ್ಲ. ಆದರೆ ರಾಣಿಯವರ ಖಾತೆಗೂ ಏನಾದರೂ ಉಳಿಯಬೇಡವೆ?

ಹಳೆಯ ಅರಮನೆ ಹೆಚ್ಚಾಗಿ ಮರದ್ದು. 1897ರಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಅದಕ್ಕೆ ಬೆಂಕಿ ಬಿತ್ತು. ಮದುವೆಮನೆಯಲ್ಲಿ ಒಂದು ದೀಪ ಆರಿದರೂ ಎದೆ ಧಸಕ್ಕೆನ್ನುವ ನಮಗೆ, ಮಗಳ ಮದುವೆಯಲ್ಲಿ ಇಡೀ ಮನೆಯೇ ಹೊತ್ತಿಕೊಂಡ ತಾಯಿಯ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಗಂಡನನ್ನು ಕಳೆದುಕೊಂಡು ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಸಂಸಾರ ಜಗನ್ಮೋಹನ ಅರಮನೆಗೆ ಸಾಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಯಿತು.

ಈ ಹಿನ್ನೆಲೆ ಗೊತ್ತಿದ್ದು ಒಳಗಿನ ಕಲ್ಯಾಣಮಂಟಪಕ್ಕೆ ಹೋದರೆ ಅದು ಬೇರೆಯಾಗಿಯೇ ಕಾಣುತ್ತದೆ. ಎಂಟು ಮೂಲೆಯ ಅಂಗಳ, ಸುತ್ತ ಎರಕದ ಕಬ್ಬಿಣದ ಕಂಬಗಳು, ಮೇಲೆ ನವಿಲುಗಳನ್ನು ಬರೆದ ಬಣ್ಣದ ಗಾಜಿನ ಚಾವಣಿ. ಕಬ್ಬಿಣವೂ ಗಾಜೂ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗು ಹತ್ತಿ ಬಂದವು. ವೈಭವದ ಪ್ರದರ್ಶನ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಮೊದಲು ಸುಡದ ಮಂಟಪವಾಗಿ ಕಾಣುತ್ತದೆ. ಮದುವೆಯ ಚಪ್ಪರಕ್ಕೆ ಬೆಂಕಿ ಬಿದ್ದ ಮನೆಯವರು ಕಟ್ಟಿಸಿದ ಮಂಟಪ. ಇಡೀ ಅರಮನೆಯಲ್ಲಿ ನನ್ನ ಮನಸ್ಸು ನಿಲ್ಲುವುದೂ ಅಲ್ಲಿಯೇ. ಹೊರಗಿನ ಗುಮ್ಮಟ, ಕಮಾನು, 145 ಅಡಿಯ ಗೋಪುರ, ಇವೆಲ್ಲ ದೂರಕ್ಕೆ ಚೆಂದ. ಹತ್ತಿರ ಹೋದರೆ ಹಿಂದೂ, ಮುಸ್ಲಿಂ, ರಜಪೂತ, ಯೂರೋಪಿನ ಶೈಲಿಗಳು ದಸರಾ ಜನಜಂಗುಳಿಯ ಹಾಗೆ ಒಂದನ್ನೊಂದು ತಳ್ಳುತ್ತವೆ.

ಇನ್ನು ದರ್ಬಾರು ಹಾಲ್. ಮುಂದಿನ ಮೈದಾನಕ್ಕೆ ತೆರೆದುಕೊಂಡ ಸಾಲು ಕಮಾನುಗಳು, ನಡುವೆ ಸಿಂಹಾಸನಕ್ಕೆ ಜಾಗ. ರಾಜ ಜನರಿಗೆ ಕಾಣಬೇಕು, ಜನ ರಾಜನಿಗೆ ಕಾಣಬೇಕು, ಅದಕ್ಕೆಂದೇ ಮಾಡಿದ ಜಾಗ. ಅರಮನೆಯ ಹೆಂಗಸರು? ಅವರಿಗೆ ಮೇಲಿನ ಮಾಳಿಗೆ, ಮರೆಯ ಹಿಂದೆ. ಕಲ್ಯಾಣಮಂಟಪದ ಸಮಾರಂಭಗಳಿಗೂ ಅವರು ಮೇಲಿನಿಂದಲೇ ಪ್ರೇಕ್ಷಕರು. ಮಂಟಪದ ಸುತ್ತ ಗೋಡೆಗೆ ಬರೆದ ದಸರಾ ಚಿತ್ರಗಳಲ್ಲಿ ಆನೆ, ಕುದುರೆ, ಸಿಪಾಯಿ, ಅಧಿಕಾರಿ ಎಲ್ಲರೂ ಇದ್ದಾರೆ. ಮೆರವಣಿಗೆ ನಡೆಸುವವರೆಲ್ಲ ಗಂಡಸರು. ಕೆಳಗೆ ನಿಂತು ನೋಡುವವರಿಗೆ ಆ ಜಾಲರಿ ಕೂಡ ಒಂದು ಕುಸುರಿ ಕೆಲಸ ಅಷ್ಟೆ.

ಹೆಣ್ಣೊಬ್ಬಳು ಅಧಿಕಾರದಲ್ಲಿದ್ದು ಕಟ್ಟಿಸಿದ ಮನೆಯೂ ಹೆಣ್ಣನ್ನು ಮಾಳಿಗೆಗೆ ಹತ್ತಿಸಿದ್ದೇಕೆ? ಇರ್ವಿನ್ ಮೇಲೆ ಹೊರಿಸಿ ಸುಮ್ಮನಾಗಲು ನಾನು ಒಪ್ಪುವುದಿಲ್ಲ. ಶಿಮ್ಲಾದಲ್ಲಿ ವೈಸರಾಯರ ಭವನಕ್ಕೆ ನಕ್ಷೆ ಹಾಕಿದ್ದ ಆತ, ಇಲ್ಲಿ ಮನೆಯವರ ಪದ್ಧತಿಗೆ ತಕ್ಕಂತೆ ಹಾಕಿಕೊಟ್ಟ. ರಾಣಿಯವರು ಕಾಪಾಡಲು ಹೊರಟದ್ದು ಮಗನ ಸಿಂಹಾಸನವನ್ನು. ಅದಕ್ಕೆ ಹಳೆಯ ಕ್ರಮವೆಲ್ಲ ಹಾಗೇ ಮರಳಿ ನಿಲ್ಲಬೇಕಿತ್ತು. ಮರ ಹೋಗಿ ಕಲ್ಲು ಬಂತು, ಕಬ್ಬಿಣ ಬಂತು. ಅಂತಃಪುರದ ಮರೆ ಮಾತ್ರ ಅಲ್ಲೇ ಉಳಿಯಿತು. ನಾವು ಹೊಸ ಮನೆ ಕಟ್ಟಿಸುವಾಗ ಹಾಲಿಗೆ ಗ್ರಾನೈಟ್ ಹಾಕಿಸಿ, ಅಡುಗೆಮನೆಯನ್ನು ಅತ್ತೆಯ ಕಾಲದ ಕತ್ತಲೆ ಮೂಲೆಯಲ್ಲೇ ಇಡುವುದಿಲ್ಲವೆ, ಹಾಗೆ.

ಖರ್ಚಿನ ಮಾತನ್ನೂ ಬಿಡುವಂತಿಲ್ಲ. 1912ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಆದದ್ದು 41,47,913 ರೂಪಾಯಿ. ಕಲ್ಲು ಕಟೆಯುತ್ತಿದ್ದ ಆ ವರ್ಷಗಳಲ್ಲೇ, 1898ರಲ್ಲಿ, ಪ್ಲೇಗು ಬೆಂಗಳೂರಿಗೆ ಬಂತು, ಮೈಸೂರಿಗೂ ಹರಡಿತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡ ಕಾಲ ಅದು. ಇದೇ ರಾಣಿಯವರ ಆಡಳಿತದಲ್ಲಿ ಮಾರಿಕಣಿವೆಯ ಅಣೆಕಟ್ಟೂ ಶುರುವಾಯಿತು, ಶಿವನಸಮುದ್ರದ ವಿದ್ಯುತ್ ಯೋಜನೆಯೂ ನಡೆಯಿತು ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕು. ಹಾಕಿದರೂ ಮುಳ್ಳು ನಡುವೆ ನಿಲ್ಲುತ್ತದೆಂದು ನನಗೆ ಅನಿಸುವುದಿಲ್ಲ.

ಮಾರಿಕಣಿವೆಗೆ ವಾಣಿವಿಲಾಸ ಸಾಗರವೆಂದು ಅವರ ಹೆಸರಿಟ್ಟರು. ಅರಮನೆಯ ಹೆಸರು ಅಂಬಾವಿಲಾಸ.