ಓವೆನ್‌ಗೆ ಅಂಟಿಸಿದ ಹಣೆಪಟ್ಟಿ

ಸಮಾಜವಾದದ ಚರಿತ್ರೆಯ ಮಾತು ಬಂದಾಗಲೆಲ್ಲ ನಮ್ಮ ವಿಚಾರಗೋಷ್ಠಿಗಳಲ್ಲಿ ಒಂದು ಸಿದ್ಧ ತೀರ್ಪು ಕೇಳಿಬರುತ್ತದೆ. ಸೇಂಟ್ ಸೈಮನ್, ಫೂರಿಯೆ, ರಾಬರ್ಟ್ ಓವೆನ್ ಮೂವರೂ ಕನಸುಗಾರರು; ಆಮೇಲೆ ಮಾರ್ಕ್ಸ್ ಬಂದ, ಸಮಾಜವಾದ ವಿಜ್ಞಾನವಾಯಿತು. ಅರ್ಧ ಶತಮಾನದ ದುಡಿಮೆ ಹೀಗೆ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಉಳಿದಿಬ್ಬರ ಬಗ್ಗೆ ನನ್ನ ತಕರಾರಿಲ್ಲ. ಓವೆನ್‌ನನ್ನು ಆ ಸಾಲಿನಲ್ಲಿ ಕೂರಿಸುವುದನ್ನು ಮಾತ್ರ ಒಪ್ಪಲಾರೆ.

ಕನಸುಗಾರನೆನ್ನಿಸಿಕೊಂಡ ಈ ಮನುಷ್ಯ ವೇಲ್ಸ್‌ನ ಸಣ್ಣ ಊರೊಂದರಲ್ಲಿ 1771ರಲ್ಲಿ ಹುಟ್ಟಿ, ಹತ್ತರ ಪ್ರಾಯದಲ್ಲೇ ಮನೆ ಬಿಟ್ಟು ಜವಳಿ ಅಂಗಡಿಯ ಕೆಲಸಕ್ಕೆ ಸೇರಿದವನು. ಇಪ್ಪತ್ತೊಂದರ ಆಸುಪಾಸಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸುಮಾರು ಐನೂರು ಕೆಲಸಗಾರರಿದ್ದ ನೂಲಿನ ಗಿರಣಿಯನ್ನು ನಡೆಸಿದ. 1800ರ ಜನವರಿಯಲ್ಲಿ ಸ್ಕಾಟ್ಲೆಂಡಿನ ನ್ಯೂ ಲನಾರ್ಕ್‌ಗೆ ಬಂದ. ಅವನ ಮಾವ ಡೇವಿಡ್ ಡೇಲ್ ಕ್ಲೈಡ್ ನದಿಯ ದಡದಲ್ಲಿ ಕಟ್ಟಿದ ಗಿರಣಿ ಅದು. ಎಡಿನ್‌ಬರೊ, ಗ್ಲಾಸ್ಗೋ ನಗರಗಳ ಬಡಮಕ್ಕಳ ಆಶ್ರಯಗಳಿಂದ ತಂದ ಸುಮಾರು ಐನೂರು ಮಕ್ಕಳು ಅಲ್ಲಿ ದುಡಿಯುತ್ತಿದ್ದರು. ಅಂಥ ಮಕ್ಕಳನ್ನು ತರುವುದನ್ನು ಓವೆನ್ ನಿಲ್ಲಿಸಿದ. ಹತ್ತು ತುಂಬದವರನ್ನು ಯಂತ್ರದ ಹತ್ತಿರ ಬಿಡಬಾರದೆಂಬ ನಿಯಮ ತಂದ. ಬೇರೆ ಕಡೆ ಮಾಲೀಕರ ಅಂಗಡಿಗಳು ಕಳಪೆ ಸಾಮಾನನ್ನು ದುಬಾರಿ ಬೆಲೆಗೆ ಮಾರಿ, ಕೊಟ್ಟ ಕೂಲಿಯನ್ನೇ ವಾಪಸು ಕಿತ್ತುಕೊಳ್ಳುತ್ತಿದ್ದವು. ನ್ಯೂ ಲನಾರ್ಕ್‌ನ ಅಂಗಡಿ ಒಳ್ಳೆಯ ಸಾಮಾನನ್ನು ಅಸಲಿಗೆ ತುಸುವೇ ಮೇಲೆ ಮಾರಿತು. ಅದರಲ್ಲಿ ಮಿಕ್ಕ ಹಣ ಶಾಲೆಗೆ ಹೋಯಿತು. ಅಮೆರಿಕ ಹತ್ತಿ ಕಳಿಸುವುದನ್ನು ತಡೆದಾಗ ಗಿರಣಿ ನಾಲ್ಕು ತಿಂಗಳು ನಿಂತಿತು. ಯಾರನ್ನೂ ಹೊರಗೆ ಹಾಕದೆ ಅವನು ಪೂರ್ತಿ ಕೂಲಿ ಕೊಟ್ಟ. ಅವನೇ ಬರೆದಿಟ್ಟಂತೆ ಅದಕ್ಕೆ ಆದ ಖರ್ಚು 7,000 ಪೌಂಡ್.

1816ರ ಜನವರಿ 1ರಂದು ಅಲ್ಲಿ ಶಾಲೆಯ ಹೊಸ ಕಟ್ಟಡ ತೆರೆಯಿತು. ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಜಾಗವಿತ್ತು. ಹೊಡೆಯುವಂತಿಲ್ಲ, ಬೈಯುವಂತಿಲ್ಲ. ಗೋಡೆಯ ಮೇಲೆ ಪ್ರಾಣಿಗಳ ಚಿತ್ರ, ದೊಡ್ಡ ಭೂಪಟ, ಹಾಡು, ಕುಣಿತ. ಗಿರಣಿಯ ಪಾಲುದಾರ, ಕ್ವೇಕರ್ ಪಂಥದ ವಿಲಿಯಂ ಅಲೆನ್ ಈ ಹಾಡು ಕುಣಿತಗಳಿಗೆ ಕಡೆಯವರೆಗೂ ಅಡ್ಡಗಾಲು ಹಾಕಿದ. ಬಡವರ ಮಕ್ಕಳಿಗೆ ಅಕ್ಷರವೇ ಏಕೆ ಎನ್ನುತ್ತಿದ್ದ ಕಾಲದಲ್ಲಿ ಸಂಗೀತವೂ ಅವರ ಹಕ್ಕೆಂದು ತಿಳಿದ ಗಿರಣಿ ಮಾಲೀಕ ಇವನು. ಇಂಗ್ಲೆಂಡಿನ ಅರ್ಥಶಾಸ್ತ್ರದ ಹೊತ್ತಗೆಗಳೆಲ್ಲಕ್ಕಿಂತ ಈ ಒಂದು ಶಾಲೆ ನನಗೆ ದೊಡ್ಡದು.

ಅವನ ಸೋಲುಗಳನ್ನು ಪಟ್ಟಿ ಮಾಡುವವರಿಗೆ ಬರವಿಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಅವನ ನ್ಯೂ ಹಾರ್ಮನಿ ಸಮುದಾಯ 1825ರಲ್ಲಿ ಶುರುವಾಗಿ 1827ರಲ್ಲಿ ಮುರಿದುಬಿತ್ತು; ಅವನ ಆಸ್ತಿಯ ಬಹುಪಾಲು ಅಲ್ಲೇ ಕರಗಿತು. ಲಂಡನ್ನಿನಲ್ಲಿ ದುಡಿಮೆಯ ಗಂಟೆಗಳನ್ನೇ ನೋಟಾಗಿಸಿದ ವಿನಿಮಯ ಕೇಂದ್ರ ಎರಡು ವರ್ಷ ಬಾಳಲಿಲ್ಲ. ಕೆಲಸಗಾರರನ್ನು ಅವನು ತಂದೆಯಂತೆ ಕಂಡ, ಸರೀಕರಂತೆ ಕಾಣಲಿಲ್ಲ ಎಂಬ ಇತಿಹಾಸಕಾರ ಇ.ಪಿ. ಥಾಂಪ್ಸನ್‌ನ ಆಕ್ಷೇಪವೂ ನಿಜ. ಅದಕ್ಕಿಂತ ದೊಡ್ಡ ಕಳಂಕವೆಂದರೆ, ಅವನ ಗಿರಣಿಗೆ ಬರುತ್ತಿದ್ದ ಅಮೆರಿಕದ ಹತ್ತಿ ಗುಲಾಮರು ಬೆಳೆದದ್ದು. ಆದರೆ ಆ ಕಳಂಕ ಲ್ಯಾಂಕಶೈರಿನ ಇಡೀ ಹತ್ತಿ ಉದ್ಯಮದ್ದೂ ಹೌದು. ಮಾರ್ಕ್ಸ್‌ನ ಜೊತೆಗಾರ ಏಂಗೆಲ್ಸ್‌ನ ತಂದೆ ಪಾಲುದಾರನಾಗಿದ್ದ ಮ್ಯಾಂಚೆಸ್ಟರಿನ ಕಂಪನಿಯೂ ಹತ್ತಿ ನೂಲಿನದೇ. ಮಾರ್ಕ್ಸ್‌ನ ಸಂಸಾರ ಬಹುಮಟ್ಟಿಗೆ ಅಲ್ಲಿಂದ ಬಂದ ಹಣದಿಂದಲೇ ನಡೆಯಿತು. ಅದರಿಂದ ಮಾರ್ಕ್ಸ್‌ನ ವಿಚಾರ ಸುಳ್ಳಾಗಲಿಲ್ಲ. ಹಾಗಿದ್ದರೆ ಓವೆನ್‌ಗೆ ಮಾತ್ರ ಬೇರೆ ಅಳತೆ ಏಕೆ?

ಈ ತೀರ್ಪಿಗೆ ಹೆಸರು ತಂದ ಏಂಗೆಲ್ಸ್‌ನ 1880ರ ಪುಸ್ತಕವನ್ನಾದರೂ ನಮ್ಮ ಗೋಷ್ಠಿಗಳ ತೀರ್ಪುಗಾರರು ಪೂರ್ತಿ ಓದಿದ್ದಾರೆಯೇ? ಇಂಗ್ಲೆಂಡಿನ ಕಾರ್ಮಿಕರು ಕಂಡ ನಿಜವಾದ ಪ್ರತಿಯೊಂದು ಮುನ್ನಡೆಗೂ ಓವೆನ್‌ನ ಹೆಸರು ತಳಕು ಹಾಕಿಕೊಂಡಿದೆ ಎಂದು ಏಂಗೆಲ್ಸನೇ ಒಪ್ಪಿಕೊಂಡಿದ್ದಾನೆ. ಅವನಲ್ಲಿದ್ದ ಗೌರವ ಅವನ ಹೆಸರು ಹೇಳಿ ಬದುಕುವವರಲ್ಲಿ ಇಲ್ಲ. ಮಕ್ಕಳ ದುಡಿಮೆಗೆ ಮಿತಿ ಹಾಕಬೇಕೆಂದು ಓವೆನ್ 1815ರಿಂದ ಸಂಸತ್ತಿನ ಬೆನ್ನು ಬಿದ್ದ. 1819ರಲ್ಲಿ ಬಂದ ಕಾಯ್ದೆ ಅವನು ಬೇಡಿದ್ದರ ನೆರಳು ಮಾತ್ರ: ಹತ್ತಿ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರು ಬೇಡ, ಹದಿನಾರರೊಳಗಿನವರಿಗೆ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಕೆಲಸ ಬೇಡ. ಅವನ ಅನುಯಾಯಿಗಳೂ ಇದ್ದ 28 ಜನರ ಗುಂಪು 1844ರಲ್ಲಿ ರಾಚ್‌ಡೇಲಿನಲ್ಲಿ ತೆರೆದ ಅಂಗಡಿಯಿಂದ ಸಹಕಾರ ಚಳವಳಿ ಲೋಕಕ್ಕೆಲ್ಲ ಹಬ್ಬಿತು. ನಮ್ಮ ಕರ್ನಾಟಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘಕ್ಕೆ ಜರ್ಮನಿಯ ರೈಫೈಸನ್‌ನ ಮಾದರಿ ಹತ್ತಿರದ್ದು. ಆದರೂ ಬಡವರು ತಮ್ಮ ಪುಡಿಗಾಸು ಕೂಡಿಸಿ ತಾವೇ ಯಜಮಾನರಾಗಬಹುದೆಂಬ ನಂಬಿಕೆಯಲ್ಲಿ ರಾಚ್‌ಡೇಲೂ ಕಣಗಿನಹಾಳವೂ ಒಂದೇ ಬಳ್ಳಿಯವು.

ನನ್ನ ಜಗಳ ಓವೆನ್‌ನಲ್ಲಿಗೆ ನಿಲ್ಲುವುದಿಲ್ಲ. ಸುಧಾರಣಾವಾದಿ ಎಂಬುದನ್ನು ಬೈಗುಳವಾಗಿ ಬಳಸುವ ಚಾಳಿ ನಮ್ಮ ಬರಹಗಾರರಿಗೆ ಅಂಟಿ ದಶಕಗಳಾದವು. ವ್ಯವಸ್ಥೆಯನ್ನು ಬುಡಮೇಲು ಮಾಡುತ್ತೇನೆಂದು ಬರೆದವನಿಗೆ ಮಣೆ ಹಾಕುತ್ತೇವೆ. ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರಿಗೆ ನಮ್ಮ ವೈಚಾರಿಕ ಚರಿತ್ರೆಗಳಲ್ಲಿ ಎಷ್ಟು ಪುಟ ಸಿಕ್ಕಿವೆ? ಪೂರ್ತಿ ಬದಲಾವಣೆಯ ಹೊರತು ಮಿಕ್ಕದ್ದೆಲ್ಲ ತೇಪೆ ಎನ್ನುವವರ ಮಕ್ಕಳು ಒಳ್ಳೆಯ ಶಾಲೆಗಳಲ್ಲೇ ಓದುತ್ತಿರುತ್ತಾರೆ. ಗಿರಣಿಯ ಮಗುವಿಗೆ ಕಾಯಲು ಪುರುಸೊತ್ತಿರಲಿಲ್ಲ. ಆ ವರ್ಷವೇ ಅದಕ್ಕೆ ನಿದ್ದೆ ಬೇಕಿತ್ತು, ಆಟ ಬೇಕಿತ್ತು. ಇದನ್ನು ಅರಿಯದ ವಿಚಾರವಂತಿಕೆಯನ್ನು ನಾನು ವಿಜ್ಞಾನವೆಂದು ಕರೆಯಲಾರೆ.

ಸಮಾಜವಾದ ಪಾಠ ಹೇಳುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಏಂಗೆಲ್ಸ್‌ನ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಮುನ್ನ ಓವೆನ್‌ನ 'ಎ ನ್ಯೂ ವ್ಯೂ ಆಫ್ ಸೊಸೈಟಿ'ಯ ನಾಲ್ಕು ಪ್ರಬಂಧಗಳನ್ನು ಓದಿಸಿ. ಅವನು ಕನಸುಗಾರನೋ ಅಲ್ಲವೋ ಎಂಬುದನ್ನು ಅವರೇ ಹೇಳಲಿ.